ಆನ್‌ಲೈನ್ ಬ್ಯಾಂಕಿಂಗ್ ವಂಚನೆ: ಖಾತೆಯ ಕೀಲಿ, ಕಳ್ಳದಾರಿ ಮತ್ತು ಕಾವಲು

ಸ್ವರೂಪ

ಶಾಖೆಗೆ ಹೋಗದೆ ಮೊಬೈಲ್ ಅಥವಾ ಕಂಪ್ಯೂಟರ್ ಮೂಲಕ ಬ್ಯಾಂಕ್ ಖಾತೆಯನ್ನು ನಿರ್ವಹಿಸುವ ಪದ್ಧತಿಗೆ ಆನ್‌ಲೈನ್ ಬ್ಯಾಂಕಿಂಗ್ ಎಂದು ಹೆಸರು. ನೆಟ್ ಬ್ಯಾಂಕಿಂಗ್, ಬ್ಯಾಂಕಿನ ಮೊಬೈಲ್ ಆ್ಯಪ್, ಯುಪಿಐ ಪಾವತಿ, ಬ್ಯಾಂಕಿನ ಪ್ರತಿನಿಧಿಗಳಾದ ಬ್ಯಾಂಕ್ ಮಿತ್ರರ ಬಳಿ ಹೆಬ್ಬೆಟ್ಟು ಒತ್ತಿ ಹಣ ಪಡೆಯುವ ಆಧಾರ್ ಪಾವತಿ ಇವೆಲ್ಲವೂ ಇದರ ರೂಪಗಳೇ. ಈ ಯಾವುದೇ ಮಾರ್ಗದಲ್ಲಿ ಖಾತೆದಾರರಿಗೆ ತಿಳಿಯದಂತೆ, ಅಥವಾ ಅವರನ್ನೇ ನಂಬಿಸಿ, ಹಣವನ್ನು ಪರರ ಕೈಗೆ ಸಾಗಿಸುವ ಕೃತ್ಯವೇ ಆನ್‌ಲೈನ್ ಬ್ಯಾಂಕಿಂಗ್ ವಂಚನೆ.

‘ತಿಳಿಯದಂತೆ’ ಮತ್ತು ‘ನಂಬಿಸಿ’ ಎಂಬ ಎರಡು ಪದಗಳ ನಡುವಣ ಅಂತರ ಸಣ್ಣದಲ್ಲ. ನಷ್ಟದ ಹೊಣೆ ಯಾರದೆಂದು ಮುಂದೆ ತೀರ್ಮಾನವಾಗುವುದು ಇದರ ಮೇಲೆಯೇ. 2018ರ ಆಗಸ್ಟ್‌ನಲ್ಲಿ ಪುಣೆಯ ಕಾಸ್ಮಾಸ್ ಸಹಕಾರಿ ಬ್ಯಾಂಕಿನ ಗಣಕ ವ್ಯವಸ್ಥೆಗೇ ಕನ್ನ ಹಾಕಿದ ಗುಂಪೊಂದು ಸುಮಾರು 94 ಕೋಟಿ ರೂಪಾಯಿ ದೋಚಿತು. ಹಲವು ದೇಶಗಳ ಎಟಿಎಂಗಳಲ್ಲಿ ಆ ಹಣದ ಬಹುಪಾಲು ಹೊರಬಿತ್ತು. ಅಲ್ಲಿ ಖಾತೆದಾರರು ಮಾಡಿದ ತಪ್ಪೇನೂ ಇರಲಿಲ್ಲ. ಅಂಥ ದಾಳಿಗಳು ಅಪರೂಪ. ಜೋಗಿಮಟ್ಟಿ ಕಾಡಿನ ಸುತ್ತ ಹರಡಿರುವ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಅಡಿಕೆ ಬೆಳೆಗಾರರ, ಶಿಕ್ಷಕರ, ಪಿಂಚಣಿದಾರರ ಖಾತೆ ಬರಿದಾಗುವ ಬಗೆ ಬೇರೆ. ಬ್ಯಾಂಕಿನ ಬೀಗವನ್ನು ಯಾರೂ ಮುರಿಯುವುದಿಲ್ಲ. ಬೀಗದ ಕೀಲಿಯನ್ನು ಮಾಲೀಕರ ಕೈಯಿಂದಲೇ ತಿರುಗಿಸಿಕೊಳ್ಳುತ್ತಾರೆ. ಏಳು ಸುತ್ತಿನ ಕೋಟೆಯನ್ನು ಕಟ್ಟಿಕೊಂಡಿದ್ದ ದುರ್ಗಕ್ಕೂ ಶತ್ರು ನುಸುಳಿದ್ದು ಕಿಂಡಿಯಿಂದ ಎಂಬ ಕಥೆ ಈ ಸೀಮೆಯ ಮಕ್ಕಳಿಗೆಲ್ಲ ಗೊತ್ತು.

ಯಾವುದು ವಿಳಾಸ, ಯಾವುದು ಕೀಲಿ

ಖಾತೆಗೆ ಸಂಬಂಧಿಸಿದ ಸಂಖ್ಯೆಗಳು ಎರಡು ಜಾತಿಯವು. ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಸಂಕೇತ, ಯುಪಿಐ ಐಡಿ, ಅಂಗಡಿಯ ಮುಂದೆ ಅಂಟಿಸಿದ ಕ್ಯೂಆರ್ ಕೋಡ್ ಇವು ಮನೆಯ ವಿಳಾಸವಿದ್ದಂತೆ. ಹಣ ಒಳಗೆ ಬರಬೇಕಾದರೆ ಇವನ್ನು ಹೇಳಲೇಬೇಕು. ಇವುಗಳಿಂದ ಮಾತ್ರವೇ ಯಾರೂ ಹಣ ತೆಗೆಯಲಾರರು. ಪಿನ್, ಪಾಸ್‌ವರ್ಡ್, ಕಾರ್ಡಿನ ಹಿಂಬದಿಯ ಮೂರಂಕಿಯ ಸಿವಿವಿ, ಮೊಬೈಲಿಗೆ ಬರುವ ಒಟಿಪಿ ಇವು ಕೀಲಿಗಳು. ಹಣ ಹೊರಗೆ ಹೋಗುವಾಗ ಇವು ಬೇಕು, ಒಳಗೆ ಬರುವಾಗ ಬೇಡ. ವಿಚಿತ್ರವೆಂದರೆ, ಖಾತೆ ಸಂಖ್ಯೆ ಹೇಳಲು ಹತ್ತು ಬಾರಿ ಯೋಚಿಸುವವರೇ ಒಟಿಪಿಯನ್ನು ಫೋನಿನಲ್ಲಿ ಓದಿ ಹೇಳಿಬಿಡುತ್ತಾರೆ.

ಪಾವತಿಯನ್ನು ಕನಿಷ್ಠ ಎರಡು ಬೇರೆ ಬೇರೆ ಬಗೆಯ ಗುರುತುಗಳಿಂದ ದೃಢೀಕರಿಸಬೇಕು ಎಂಬುದು ಭಾರತೀಯ ರಿಸರ್ವ್ ಬ್ಯಾಂಕಿನ ನೀತಿ. ಕೈಯಲ್ಲಿರುವ ವಸ್ತು ಒಂದು ಬಗೆ. ಅದು ಮೊಬೈಲ್, ಸಿಮ್ ಅಥವಾ ಕಾರ್ಡ್ ಆಗಿರಬಹುದು. ಮನಸ್ಸಿನಲ್ಲಿರುವ ಗುಟ್ಟು ಇನ್ನೊಂದು ಬಗೆ. ಅದು ಪಿನ್ ಅಥವಾ ಪಾಸ್‌ವರ್ಡ್. ದೇಹದ ಗುರುತಾದ ಬೆರಳಚ್ಚು, ಮುಖಚಹರೆ ಮೂರನೆಯದು.

2016ರ ಏಪ್ರಿಲ್ 11ರಂದು ಆರಂಭವಾದ ಯುಪಿಐ ವ್ಯವಸ್ಥೆ ಈ ತತ್ತ್ವಕ್ಕೆ ಒಳ್ಳೆಯ ಉದಾಹರಣೆ. ಅದನ್ನು ನಡೆಸುವುದು ರಾಷ್ಟ್ರೀಯ ಪಾವತಿ ನಿಗಮ. ಹೊಸ ಫೋನಿನಲ್ಲಿ ಯುಪಿಐ ಆ್ಯಪ್ ತೆರೆದಾಗ ಆ ಫೋನಿನ ಸಿಮ್‌ನಿಂದ ಒಂದು ಎಸ್‌ಎಂಎಸ್ ತಾನಾಗಿ ಹೊರಡುತ್ತದೆ. ಆ ಸಂಖ್ಯೆ ಬ್ಯಾಂಕಿನಲ್ಲಿ ನೋಂದಾಯಿತವೇ ಎಂದು ಪರೀಕ್ಷೆಯಾಗಿ, ಆ ಫೋನು ಆ ಖಾತೆಗೆ ಕಟ್ಟಿಬೀಳುತ್ತದೆ. ಆದ್ದರಿಂದ ಪಿನ್ ತಿಳಿದರೂ ಕಳ್ಳನು ತನ್ನ ಫೋನಿನಿಂದ ಹಣ ಕಳಿಸಲಾರ. ಅವನಿಗೆ ಉಳಿಯುವುದು ಎರಡೇ ದಾರಿ. ಖಾತೆದಾರರ ಸಿಮ್ಮನ್ನಾಗಲಿ, ಅದಕ್ಕೆ ಬರುವ ಸಂದೇಶಗಳನ್ನಾಗಲಿ ವಶಪಡಿಸಿಕೊಳ್ಳುವುದು ಒಂದು. ಖಾತೆದಾರರಿಂದಲೇ ಅವರ ಫೋನಿನಲ್ಲಿ ಪಿನ್ ಒತ್ತಿಸುವುದು ಮತ್ತೊಂದು. ಮುಂದೆ ವಿವರಿಸಿರುವ ಬಹುಪಾಲು ತಂತ್ರಗಳು ಈ ಎರಡರಲ್ಲಿ ಒಂದಕ್ಕೆ ಸೇರುತ್ತವೆ.

ಯುಪಿಐ ಪಿನ್ ಬೇಕಾಗುವುದು ಹಣ ಕಳಿಸಲು ಮತ್ತು ಶಿಲ್ಕು ನೋಡಲು. ಹಣ ಪಡೆಯಲು ಪಿನ್ ಬೇಕಿಲ್ಲ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಕಿಲ್ಲ, ಯಾವ ಕೋರಿಕೆಗೂ ಒಪ್ಪಿಗೆ ಒತ್ತಬೇಕಿಲ್ಲ. ‘ದುಡ್ಡು ಹಾಕ್ತೀನಿ, ಪಿನ್ ಒತ್ತಿ ಪಡ್ಕೊಳಿ’ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಅದು ಸುಳ್ಳೆಂದು ನಿರ್ಣಯಿಸಬಹುದು. ವ್ಯಕ್ತಿಯೊಬ್ಬ ಇನ್ನೊಬ್ಬ ವ್ಯಕ್ತಿಗೆ ‘ಇಷ್ಟು ಹಣ ಕೊಡಿ’ ಎಂದು ಯುಪಿಐ ಮೂಲಕ ಕೋರಿಕೆ ಕಳಿಸುವ ಸೌಲಭ್ಯ ಈ ಬಗೆಯ ಮೋಸಕ್ಕೆ ಬಹುಕಾಲ ನೆರವಾಗಿತ್ತು. 2025ರ ಅಕ್ಟೋಬರ್ 1ರಿಂದ ಅದನ್ನು ನಿಲ್ಲಿಸಲಾಯಿತು.

ಒಟಿಪಿ ಸಂದೇಶದ ವಿಷಯದಲ್ಲಿ ಒಂದು ಕೊರತೆಯನ್ನು ಹೇಳಲೇಬೇಕು. ಅಂಕಿಗಳ ಜೊತೆಗೆ ಆ ಒಟಿಪಿ ಯಾವ ಕಾರ್ಯಕ್ಕೆ, ಎಷ್ಟು ಮೊತ್ತಕ್ಕೆ ಎಂಬುದೂ ಸಂದೇಶದಲ್ಲಿ ಬರೆದಿರುತ್ತದೆ. ಆದರೆ ಆ ವಾಕ್ಯ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಕನ್ನಡ ಮಾತ್ರ ಬಲ್ಲವರ ಕಣ್ಣಿಗೆ ಬೀಳುವುದು ಅಂಕಿಗಳು ಮಾತ್ರ. ಎಚ್ಚರಿಸಬೇಕಾದ ವಾಕ್ಯವೇ ಓದುಗರ ಭಾಷೆಯಲ್ಲಿ ಇಲ್ಲದಿರುವುದು ಈ ಕಾವಲಿನ ದೊಡ್ಡ ಬಿರುಕು. ಆ್ಯಪ್‌ನಲ್ಲಿ ಕನ್ನಡ ಆಯ್ಕೆ ಇದ್ದರೆ ಅದನ್ನು ಬಳಸುವುದು, ಸಂದೇಶವನ್ನು ಮನೆಯ ಓದಿದ ಮಕ್ಕಳಿಂದ ಪೂರ್ತಿ ಓದಿಸಿ ಅರ್ಥ ತಿಳಿಯುವುದು ಸದ್ಯದ ಪರಿಹಾರ.

ಹೆಸರು ಬದಲಿಸಿದ ಬ್ಯಾಂಕುಗಳು

ವಂಚಕರ ಕರೆಗಳಲ್ಲಿ ಹಳೆಯದು ‘ಕೆವೈಸಿ (ಗ್ರಾಹಕರ ಗುರುತಿನ ಪರಿಶೀಲನೆ) ಮಾಡಿಸಿಲ್ಲ, ಖಾತೆ ಬಂದ್ ಆಗುತ್ತದೆ’ ಎಂಬುದು. ಈ ಸೀಮೆಯಲ್ಲಿ ಅದನ್ನು ಜನ ಸುಲಭವಾಗಿ ನಂಬುವುದಕ್ಕೆ ಬ್ಯಾಂಕುಗಳ ಇತಿಹಾಸದಲ್ಲೇ ಕಾರಣವಿದೆ.

ಚಿತ್ರದುರ್ಗ ಗ್ರಾಮೀಣ ಬ್ಯಾಂಕಿನಲ್ಲಿ ಖಾತೆ ತೆರೆದಿದ್ದ ಒಬ್ಬ ರೈತನನ್ನು ಊಹಿಸಿಕೊಳ್ಳಬಹುದು. 2005ರಲ್ಲಿ ಆ ಬ್ಯಾಂಕು ತುಂಗಭದ್ರಾ, ಕೋಲಾರ, ಸಹ್ಯಾದ್ರಿ ಗ್ರಾಮೀಣ ಬ್ಯಾಂಕುಗಳೊಡನೆ ಸೇರಿ ಪ್ರಗತಿ ಗ್ರಾಮೀಣ ಬ್ಯಾಂಕ್ ಆಯಿತು. 2013ರಲ್ಲಿ ಮತ್ತೊಂದು ವಿಲೀನದಿಂದ ಅದು ಪ್ರಗತಿ ಕೃಷ್ಣ ಗ್ರಾಮೀಣ ಬ್ಯಾಂಕ್ ಆಯಿತು. 2019ರ ಏಪ್ರಿಲ್ 1ರಂದು ಕಾವೇರಿ ಗ್ರಾಮೀಣ ಬ್ಯಾಂಕನ್ನು ಕೂಡಿಕೊಂಡು ಕರ್ನಾಟಕ ಗ್ರಾಮೀಣ ಬ್ಯಾಂಕ್ ಎನಿಸಿತು. 2025ರ ಮೇ 1ರಂದು ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕೂ ಸೇರಿ, ರಾಜ್ಯಕ್ಕೊಂದೇ ಗ್ರಾಮೀಣ ಬ್ಯಾಂಕ್ ಉಳಿಯಿತು. 20 ವರ್ಷಗಳಲ್ಲಿ ನಾಲ್ಕು ವಿಲೀನ. ಪೇಟೆಯ ಖಾತೆದಾರರ ಅನುಭವವೂ ಇದಕ್ಕಿಂತ ಬೇರೆಯಲ್ಲ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನೊಳಗೆ, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಳಗೆ, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನೊಳಗೆ, ಕಾರ್ಪೊರೇಷನ್ ಬ್ಯಾಂಕ್ ಅದೇ ವರ್ಷ ಯೂನಿಯನ್ ಬ್ಯಾಂಕಿನೊಳಗೆ ಸೇರಿದವು.

ವಿಲೀನವಾದಾಗ ಪಾಸ್‌ಬುಕ್, ಚೆಕ್ ಪುಸ್ತಕ, ಐಎಫ್‌ಎಸ್‌ಸಿ ಸಂಕೇತ, ಆ್ಯಪ್ ಎಲ್ಲವೂ ಬದಲಾಗುತ್ತವೆ. ‘ಹಳೆಯದು ನಡೆಯುವುದಿಲ್ಲ, ಹೊಸದು ಮಾಡಿಸಿಕೊಳ್ಳಿ’ ಎಂಬ ನಿಜವಾದ ಸೂಚನೆಯನ್ನು ಹಲವು ಬಾರಿ ಕೇಳಿದ ಕಿವಿಗೆ ಸುಳ್ಳು ಸೂಚನೆಯೂ ಹಾಗೆಯೇ ಕೇಳಿಸುತ್ತದೆ. ಇಲ್ಲಿ ಮೋಸಹೋದವರನ್ನು ಪೆದ್ದರೆಂದು ಹಳಿಯುವುದು ನ್ಯಾಯವಲ್ಲ.

ನಿಜವಾದ ಕೆವೈಸಿ ನವೀಕರಣದ ಕ್ರಮ ಸರಳ. ಗುರುತು ಮತ್ತು ವಿಳಾಸದ ದಾಖಲೆಗಳನ್ನು ಶಾಖೆಯಲ್ಲಿ ಕೊಡಬಹುದು. ಹಿಂದಿನ ವಿವರಗಳು ಬದಲಾಗಿಲ್ಲವಾದರೆ ಸ್ವಯಂ ಘೋಷಣೆಯೇ ಸಾಕು. ಇದರಲ್ಲಿ ಯಾವ ಹಂತದಲ್ಲೂ ಫೋನಿನಲ್ಲಿ ಒಟಿಪಿ ಓದಿ ಹೇಳುವ, ಪಿನ್ ಒತ್ತುವ, ಕಳಿಸಿದ ಲಿಂಕಿನಿಂದ ಆ್ಯಪ್ ಇಳಿಸಿಕೊಳ್ಳುವ ಪ್ರಸಂಗವೇ ಬರುವುದಿಲ್ಲ. ಸಂದೇಹವಿದ್ದರೆ ಆಧಾರ್ ಕಾರ್ಡಿನ ಪ್ರತಿ ಹಿಡಿದು ಶಾಖೆಗೆ ಹೋಗುವುದೇ ನೇರ ದಾರಿ. ಬಸ್ಸಿನ ಖರ್ಚು ಹೆಚ್ಚೇನೂ ಆಗದು.

ಕಳ್ಳದಾರಿಗಳು

ನಕಲಿ ಜಾಲತಾಣದ ತಂತ್ರಕ್ಕೆ ಫಿಶಿಂಗ್ ಎಂದು ಹೆಸರು. ಬ್ಯಾಂಕಿನ ಪುಟದಂತೆಯೇ ಕಾಣುವ ಪುಟವೊಂದನ್ನು ಸೃಷ್ಟಿಸಿ, ಅದರ ಲಿಂಕನ್ನು ಎಸ್‌ಎಂಎಸ್ ಅಥವಾ ವಾಟ್ಸ್ಆ್ಯಪ್ ಮೂಲಕ ಕಳಿಸುತ್ತಾರೆ. ಅಲ್ಲಿ ತುಂಬಿದ ಪಾಸ್‌ವರ್ಡ್ ನೇರವಾಗಿ ವಂಚಕರಿಗೆ ತಲುಪುತ್ತದೆ. ವಿಳಾಸದ ಪಕ್ಕದಲ್ಲಿ ಬೀಗದ ಚಿಹ್ನೆ ಕಂಡರೆ ಪುಟ ಸುರಕ್ಷಿತ ಎಂಬ ನಂಬಿಕೆ ವ್ಯಾಪಕವಾಗಿದೆ, ಅದು ಅರ್ಧಸತ್ಯ. ಫೋನಿಗೂ ಆ ಪುಟಕ್ಕೂ ನಡುವೆ ಸಾಗುವ ಮಾಹಿತಿಯನ್ನು ಮಧ್ಯದಲ್ಲಿ ಯಾರೂ ಓದಲಾರರು ಎಂಬುದಷ್ಟೇ ಬೀಗದ ಅರ್ಥ. ಪುಟದ ಒಡೆಯನೇ ಕಳ್ಳನಾದರೆ ಬೀಗ ಏನು ಮಾಡೀತು? ಇದನ್ನು ತಡೆಯಲು ರಿಸರ್ವ್ ಬ್ಯಾಂಕ್ 2025ರಲ್ಲಿ ಬ್ಯಾಂಕುಗಳಿಗೆಂದೇ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಮುಗಿಯುವ ವಿಳಾಸಗಳನ್ನು ಮೀಸಲಿಟ್ಟಿತು ಮತ್ತು ಆ ವರ್ಷದ ಅಕ್ಟೋಬರ್ 31ರೊಳಗೆ ಅವಕ್ಕೆ ಬದಲಾಗುವಂತೆ ಬ್ಯಾಂಕುಗಳಿಗೆ ಸೂಚಿಸಿತು. ವಿಳಾಸದ ಆರಂಭವನ್ನಲ್ಲ, ಕೊನೆಯನ್ನು ಓದುವ ಅಭ್ಯಾಸ ಇಲ್ಲಿ ಉಪಯುಕ್ತ.

ಈಚಿನ ವರ್ಷಗಳಲ್ಲಿ ಹೆಚ್ಚು ಹಾನಿ ಮಾಡುತ್ತಿರುವುದು ಎಪಿಕೆ ಕಡತ. ಆಂಡ್ರಾಯ್ಡ್ ಫೋನಿನಲ್ಲಿ ಆ್ಯಪ್ ಅಳವಡಿಸುವ ಕಡತಕ್ಕೆ ಎಪಿಕೆ ಎನ್ನುತ್ತಾರೆ. ಮದುವೆಯ ಆಮಂತ್ರಣ, ಸಂಚಾರ ನಿಯಮ ಉಲ್ಲಂಘನೆಯ ದಂಡದ ಚಲನ್, ಪಿಎಂ ಕಿಸಾನ್ ಫಲಾನುಭವಿ ಪಟ್ಟಿ ಎಂಬ ಹೆಸರುಗಳಲ್ಲಿ ಇದು ವಾಟ್ಸ್ಆ್ಯಪ್‌ಗೆ ಬರುತ್ತದೆ. ಒತ್ತಿದರೆ ಆಮಂತ್ರಣವೇನೂ ತೆರೆಯುವುದಿಲ್ಲ. ಒಂದು ಆ್ಯಪ್ ಅಳವಡಿಕೆಯಾಗಿ, ಎಸ್‌ಎಂಎಸ್ ಓದುವ ಅನುಮತಿ ಕೇಳುತ್ತದೆ. ಅನುಮತಿ ಸಿಕ್ಕ ಮೇಲೆ ಫೋನಿಗೆ ಬರುವ ಪ್ರತಿಯೊಂದು ಒಟಿಪಿಯೂ ಸದ್ದಿಲ್ಲದೆ ವಂಚಕರಿಗೆ ರವಾನೆಯಾಗುತ್ತದೆ. ಫೋನು ಕೈಯಲ್ಲೇ ಇದ್ದರೂ ಕೀಲಿ ಕೈತಪ್ಪಿರುತ್ತದೆ. ಅದೇ ಫೋನಿನಿಂದ ಬಂಧುಗಳ ಗುಂಪುಗಳಿಗೂ ಆ ಕಡತ ಹೋಗುವುದರಿಂದ, ಪರಿಚಿತರ ಸಂಖ್ಯೆಯಿಂದ ಬಂದದ್ದು ಎಂಬ ಕಾರಣಕ್ಕೆ ಅದನ್ನು ನಂಬುವಂತಿಲ್ಲ. ಲಗ್ನಪತ್ರಿಕೆ ಚಿತ್ರವಾಗಿ ಅಥವಾ ಪಿಡಿಎಫ್ ಆಗಿ ಬರುತ್ತದೆಯೇ ಹೊರತು ಆ್ಯಪ್ ಆಗಿ ಬರುವುದಿಲ್ಲ.

ಪರದೆ ಹಂಚಿಕೆಯ ಆ್ಯಪ್‌ಗಳು ಇದರ ಸೋದರರು. ಗ್ಯಾಸ್ ಸಿಲಿಂಡರ್ ಬಂದಿಲ್ಲವೆಂದೋ, ಕಳಿಸಿದ ಹಣ ತಲುಪಲಿಲ್ಲವೆಂದೋ ಅಂತರ್ಜಾಲದಲ್ಲಿ ‘ಕಸ್ಟಮರ್ ಕೇರ್’ ಸಂಖ್ಯೆ ಹುಡುಕುವವರಿಗೆ ವಂಚಕರೇ ಪ್ರಕಟಿಸಿದ ಸಂಖ್ಯೆ ಸಿಗುತ್ತದೆ. ಇಲ್ಲಿ ಕರೆ ಮಾಡುವವರು ವಂಚಕರಲ್ಲ, ಗ್ರಾಹಕರೇ. ಆದ್ದರಿಂದ ಸಂಶಯವೇ ಹುಟ್ಟುವುದಿಲ್ಲ. ‘ಸರಿಪಡಿಸುತ್ತೇವೆ’ ಎಂದು ಒಂದು ಆ್ಯಪ್ ಹಾಕಿಸಿ, ಫೋನಿನ ಪರದೆಯನ್ನು ದೂರದಲ್ಲಿ ಕುಳಿತು ನೋಡುತ್ತಾರೆ. ಬ್ಯಾಂಕಿನ ಸಂಖ್ಯೆ ಬೇಕಾದರೆ ಪಾಸ್‌ಬುಕ್ ಅಥವಾ ಕಾರ್ಡಿನ ಹಿಂಬದಿಯಲ್ಲಿ ಮುದ್ರಿತವಾದದ್ದನ್ನೇ ನೋಡಬೇಕು.

ಸಿಮ್ ಬದಲಿಯ ವಂಚನೆಯಲ್ಲಿ ಖಾತೆದಾರರ ಹೆಸರಿನಲ್ಲಿ ಸುಳ್ಳು ದಾಖಲೆ ಕೊಟ್ಟು ಅದೇ ಸಂಖ್ಯೆಯ ಹೊಸ ಸಿಮ್ ಪಡೆಯುತ್ತಾರೆ. ಹಳೆಯ ಸಿಮ್ ಸತ್ತುಹೋಗುತ್ತದೆ. ಕಾಡಂಚಿನ ಹಳ್ಳಿಗಳಲ್ಲಿ ಸಿಗ್ನಲ್ ಹೋಗುವುದು ಹೊಸದೇನಲ್ಲವಾದ್ದರಿಂದ ಇದನ್ನು ಗುರುತಿಸುವುದು ತಡವಾಗುತ್ತದೆ. ಅಕ್ಕಪಕ್ಕದವರ ಫೋನಿನಲ್ಲಿ ಅದೇ ಕಂಪನಿಯ ಸಿಗ್ನಲ್ ಇದ್ದು ಒಬ್ಬರಿಗೆ ಮಾತ್ರ ಗಂಟೆಗಟ್ಟಲೆ ಇಲ್ಲವಾದರೆ ಅದು ಬೇರೆಯೇ ಸಂಗತಿ. ಕೂಡಲೇ ಸಿಮ್ ಕಂಪನಿಯನ್ನೂ ಬ್ಯಾಂಕನ್ನೂ ಸಂಪರ್ಕಿಸಬೇಕು.

ಪೊಲೀಸರೆಂದು ನಟಿಸಿ, ವಿಡಿಯೊ ಕರೆಯಲ್ಲೇ ಬಂಧಿಸಿದ್ದೇವೆಂದು ಹೆದರಿಸಿ ಹಣ ಕೀಳುವ ‘ಡಿಜಿಟಲ್ ಅರೆಸ್ಟ್’ ಕುರಿತು ಹೆಚ್ಚು ಹೇಳಬೇಕಿಲ್ಲ: ಭಾರತದ ಯಾವ ಕಾನೂನಿನಲ್ಲೂ ಅಂಥ ಬಂಧನ ಇಲ್ಲ. ಪೊಲೀಸರು, ಸಿಬಿಐ, ನ್ಯಾಯಾಧೀಶರು ಯಾರೂ ವಿಡಿಯೊ ಕರೆಯಲ್ಲಿ ಬಂಧಿಸುವುದಿಲ್ಲ, ತನಿಖೆಗೆಂದು ಹಣ ವರ್ಗಾಯಿಸಿಕೊಳ್ಳುವುದೂ ಇಲ್ಲ.

ಹೆಬ್ಬೆಟ್ಟಿನ ಕೀಲಿ

ಮೇಲಿನ ತಂತ್ರಗಳಿಗೆ ಒಳಗಾಗಲು ಕೈಯಲ್ಲೊಂದು ಫೋನಾದರೂ ಇರಬೇಕು. ಆಧಾರ್ ಆಧಾರಿತ ಪಾವತಿಯಲ್ಲಿ ಅದೂ ಬೇಡ. ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳಚ್ಚು ಈ ಮೂರಿದ್ದರೆ ಬ್ಯಾಂಕ್ ಮಿತ್ರರ ಪುಟ್ಟ ಯಂತ್ರದಲ್ಲಿ ಒಮ್ಮೆಗೆ 10,000 ರೂಪಾಯಿವರೆಗೆ ಪಡೆಯಬಹುದು. ಒಟಿಪಿ ಕೇಳುವುದಿಲ್ಲ, ಪಿನ್ ಕೇಳುವುದಿಲ್ಲ. ಎಟಿಎಂ ಇಲ್ಲದ ಹಳ್ಳಿಯಲ್ಲಿ ವೃದ್ಧಾಪ್ಯ ವೇತನ, ಕೂಲಿ ಹಣ, ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ಮನೆಯ ಬಾಗಿಲಲ್ಲೇ ಕೈಗೆ ಸಿಗುವುದು ಈ ವ್ಯವಸ್ಥೆಯಿಂದಲೇ. ಉಪಕಾರ ದೊಡ್ಡದು, ಅಪಾಯವೂ ಅದೇ ಗುಣದಿಂದ ಬಂದದ್ದು.

2023ರಲ್ಲಿ ಕರ್ನಾಟಕದ ಹಲವರ ಖಾತೆಗಳಿಂದ, ಅವರು ಎಲ್ಲಿಯೂ ಬೆರಳು ಒತ್ತದೆ, ಈ ಮಾರ್ಗದಲ್ಲಿ ಹಣ ಹೋಯಿತು. ಆಸ್ತಿ ನೋಂದಣಿಯ ದಾಖಲೆಗಳ ಪ್ರತಿಗಳಲ್ಲಿ ಆಧಾರ್ ಸಂಖ್ಯೆ ಮತ್ತು ಹೆಬ್ಬೆಟ್ಟಿನ ಗುರುತು ಎರಡೂ ಒಂದೇ ಕಡೆ ಇರುತ್ತಿದ್ದವು. ಆ ಗುರುತಿನಿಂದ ಕೃತಕ ಬೆರಳಚ್ಚು ತಯಾರಿಸಿ ಯಂತ್ರಕ್ಕೆ ಒತ್ತುವ ವಿಧಾನ ಪೊಲೀಸ್ ತನಿಖೆಯಲ್ಲಿ ಬಯಲಾಯಿತು. ಬಳಿಕ ರಾಜ್ಯದ ನೋಂದಣಿ ಮತ್ತು ಮುದ್ರಾಂಕ ಇಲಾಖೆ ತನ್ನ ಕಾವೇರಿ ತಂತ್ರಾಂಶದ ದಾಖಲೆಗಳಲ್ಲಿ ಬೆರಳಚ್ಚು ಕಾಣದಂತೆ ಮರೆಮಾಡುವ ಕ್ರಮ ಕೈಗೊಂಡಿತು. ಒತ್ತಿದ ಬೆರಳು ಜೀವಂತವೇ ಎಂದು ಪರೀಕ್ಷಿಸುವ ತಂತ್ರವನ್ನು ಆಧಾರ್ ಪ್ರಾಧಿಕಾರ ಅದೇ ವರ್ಷದ ಫೆಬ್ರುವರಿಯಲ್ಲೇ ಪ್ರಕಟಿಸಿತ್ತು. ಆದರೂ ಅಡಿಕೆ ತೋಟದ ವಿಭಾಗಪತ್ರ, ಸಾಲದ ಕರಾರು ಮುಂತಾದ ಹಳೆಯ ಕಾಗದಗಳ ಜೆರಾಕ್ಸ್ ಪ್ರತಿಗಳು ಎಲ್ಲೆಲ್ಲಿ ಉಳಿದಿವೆಯೋ ಹೇಳುವವರಾರು? ಒಂದು ಕಾಲಕ್ಕೆ ಓದು ಬಾರದವರ ಗುರುತಾಗಿದ್ದ ಹೆಬ್ಬೆಟ್ಟು ಈಗ ಎಲ್ಲರ ಖಾತೆಯ ಕೀಲಿ. ಪಿನ್ ಸೋರಿದರೆ ಹೊಸ ಪಿನ್ ಹಾಕಿಕೊಳ್ಳಬಹುದು, ಬೆರಳನ್ನು ಬದಲಿಸಲಾಗದು.

ಇದಕ್ಕಿರುವ ಕಾವಲು ಬಯೋಮೆಟ್ರಿಕ್ ಲಾಕ್. ಆಧಾರ್ ಪ್ರಾಧಿಕಾರದ ಜಾಲತಾಣ ಅಥವಾ ಆ್ಯಪ್‌ನಲ್ಲಿ ನೋಂದಾಯಿತ ಮೊಬೈಲ್ ಸಂಖ್ಯೆಯ ಒಟಿಪಿ ಬಳಸಿ ಬೆರಳಚ್ಚು ಮತ್ತು ಕಣ್ಣಿನ ಗುರುತನ್ನು ಬಂದ್ ಮಾಡಿಡಬಹುದು. ಸೇವೆಗೆ ಶುಲ್ಕವಿಲ್ಲ. ಪ್ರಾಯೋಗಿಕ ತೊಡಕೊಂದಿದೆ: ಲಾಕ್ ಮಾಡಿದರೆ ನ್ಯಾಯಬೆಲೆ ಅಂಗಡಿಯಲ್ಲೂ ಬೆರಳಚ್ಚು ಒಪ್ಪುವುದಿಲ್ಲ. ಪಡಿತರ ಪಡೆಯುವ ದಿನ ತಾತ್ಕಾಲಿಕವಾಗಿ ತೆರೆಯಬೇಕು. ಸ್ವಲ್ಪ ಹೊತ್ತಿನಲ್ಲಿ ಅದು ತಾನಾಗಿ ಮತ್ತೆ ಮುಚ್ಚಿಕೊಳ್ಳುತ್ತದೆ. ಸ್ಮಾರ್ಟ್‌ಫೋನ್ ಇಲ್ಲದ ಅಜ್ಜಿಗೆ ಇದು ಸಾಧ್ಯವೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಅಂಥವರಿಗೆ ಬೇರೆ ಉಪಾಯ ಮೇಲು. ಆಧಾರ್ ಜೋಡಣೆಯಾದ ಖಾತೆಯಲ್ಲಿ ತಿಂಗಳ ಅಗತ್ಯಕ್ಕೆ ಬೇಕಾದಷ್ಟು ಮಾತ್ರ ಇಟ್ಟು, ಉಳಿದದ್ದನ್ನು ಠೇವಣಿಗೆ ಹಾಕುವುದು. ಬ್ಯಾಂಕ್ ಮಿತ್ರರು ‘ಬೆರಳು ಹತ್ತಲಿಲ್ಲ, ಇನ್ನೊಮ್ಮೆ ಒತ್ತಿ’ ಎಂದರೆ ಮೊದಲ ಬಾರಿಯ ರಸೀದಿಯನ್ನು ಕೇಳುವುದು. ಗುರುತಿಗಾಗಿ ಪ್ರತಿ ಕೊಡಬೇಕಾದಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮುಸುಕಿನ ಆಧಾರ್ ಕೊಡಬಹುದು. ಆಧಾರ್ ಸಹಾಯವಾಣಿಯ ಸಂಖ್ಯೆ 1947.

ಕಾವಲು

ಕೃಷಿಕರ ಖಾತೆಯ ಸ್ವಭಾವ ನೌಕರರ ಖಾತೆಯಂತಲ್ಲ. ಭೀಮಸಮುದ್ರದ ಮಾರುಕಟ್ಟೆಗೆ ಅಡಿಕೆ ಹಾಕಿದಾಗ, ಹಿರಿಯೂರಿನ ಕಡೆ ಈರುಳ್ಳಿ ಲೋಡು ಹೋದಾಗ, ವರ್ಷದ ದುಡಿಮೆ ಒಂದೇ ದಿನ ಖಾತೆಗೆ ಬೀಳುತ್ತದೆ. ಅದೇ ಖಾತೆ ಚಹಾ ಅಂಗಡಿಯಲ್ಲಿ ಹತ್ತು ರೂಪಾಯಿ ಫೋನ್‌ಪೇ ಮಾಡುವುದಕ್ಕೂ ಜೋಡಣೆಯಾಗಿರುತ್ತದೆ. ಈ ಎರಡನ್ನು ಬೇರ್ಪಡಿಸುವುದು ಎಲ್ಲ ಮುನ್ನೆಚ್ಚರಿಕೆಗಳಲ್ಲಿ ಹೆಚ್ಚು ಫಲ ಕೊಡುವಂಥದು. ದೊಡ್ಡ ಹಣಕ್ಕೆ ಒಂದು ಖಾತೆ ಇರಲಿ. ಅದಕ್ಕೆ ಯುಪಿಐ ಬೇಡ, ಎಟಿಎಂ ಕಾರ್ಡೂ ಬೇಡ. ದಿನದ ಖರ್ಚಿಗೆ ಇನ್ನೊಂದು ಸಣ್ಣ ಖಾತೆ ಇರಲಿ. ಕಳ್ಳನು ಎಷ್ಟೇ ಜಾಣನಾದರೂ ಇಲ್ಲದ ಹಣವನ್ನು ಕದಿಯಲಾರ. ಕಾರ್ಡ್ ಮತ್ತು ಆ್ಯಪ್‌ಗಳ ದೈನಿಕ ಮಿತಿಯನ್ನು ತಗ್ಗಿಸುವ, ವಿದೇಶಿ ವಹಿವಾಟನ್ನು ನಿಲ್ಲಿಸುವ ಆಯ್ಕೆಗಳೂ ಆ್ಯಪ್‌ನಲ್ಲೇ ಇರುತ್ತವೆ.

ಮೊಬೈಲ್ ಸಂಖ್ಯೆ ಬದಲಾದರೆ ಮೊದಲು ಬ್ಯಾಂಕಿಗೆ ತಿಳಿಸಬೇಕು. ಬಳಸದೆ ಬಿಟ್ಟ ಸಂಖ್ಯೆಯನ್ನು ಕಂಪನಿ ಕೆಲಕಾಲದ ಬಳಿಕ ಬೇರೆಯವರಿಗೆ ಕೊಡುತ್ತದೆ. ಒಟಿಪಿಗಳು ಅವರಿಗೆ ಹೋಗುತ್ತವೆ. ಒಬ್ಬರ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ಎಂಬುದನ್ನು ದೂರಸಂಪರ್ಕ ಇಲಾಖೆ 2023ರಲ್ಲಿ ಆರಂಭಿಸಿದ ಸಂಚಾರ್ ಸಾಥಿ ಜಾಲತಾಣದಲ್ಲಿ ನೋಡಿ, ತಮ್ಮದಲ್ಲದ್ದನ್ನು ವರದಿ ಮಾಡಬಹುದು.

ಬ್ಯಾಂಕಿನ ಎಸ್‌ಎಂಎಸ್ ಹತ್ತಂಕಿಯ ಮೊಬೈಲ್ ಸಂಖ್ಯೆಯಿಂದ ಬರುವುದಿಲ್ಲ. ಅಕ್ಷರಗಳ ಗುರುತಿನಿಂದ ಬರುತ್ತದೆ. ಆ ಗುರುತಿನ ಕೊನೆಯಲ್ಲಿ ಅಡ್ಡಗೆರೆಯ ನಂತರ ಇರುವ ಒಂಟಿ ಅಕ್ಷರ ಸಂದೇಶದ ಜಾತಿಯನ್ನು ಹೇಳುತ್ತದೆ: ವಹಿವಾಟಿಗೆ ಟಿ, ಸೇವೆಗೆ ಎಸ್, ಜಾಹೀರಾತಿಗೆ ಪಿ, ಸರ್ಕಾರಕ್ಕೆ ಜಿ. ಬ್ಯಾಂಕುಗಳ ಸೇವಾ ಕರೆಗಳಿಗೆಂದು 1600ರಿಂದ ಆರಂಭವಾಗುವ ಸಂಖ್ಯೆಗಳನ್ನು ಮೀಸಲಿಡಲಾಗಿದೆ. ಹಣ ಕಳಿಸುವ ಮುನ್ನ ಯುಪಿಐ ಪರದೆಯಲ್ಲಿ ಮೂಡುವ ಹಣ ಪಡೆಯುವವರ ಹೆಸರನ್ನು ಓದುವುದು ಒಂದು ಕ್ಷಣದ ಕೆಲಸ. ನಿಜವಾದ ಬ್ಯಾಂಕು, ಇಲಾಖೆ, ಪೊಲೀಸು ಯಾರೂ ಅಷ್ಟೂ ಪುರುಸೊತ್ತು ಕೊಡದಂತೆ ಆತುರಪಡಿಸುವುದಿಲ್ಲ. ಅವಸರವೇ ವಂಚಕರ ಬಂಡವಾಳ.

ಹಣ ಹೋದ ಮೇಲೆ

ಕದ್ದ ಹಣ ಒಂದೇ ಖಾತೆಯಲ್ಲಿ ನಿಲ್ಲುವುದಿಲ್ಲ. ನಿಮಿಷಗಳಲ್ಲಿ ಎರಡು, ಮೂರು, ಹತ್ತು ಖಾತೆಗಳಿಗೆ ಹಂಚಿಹೋಗಿ, ಎಲ್ಲೋ ಒಂದು ಎಟಿಎಂನಲ್ಲಿ ನಗದಾಗುತ್ತದೆ. ನಗದಾಗುವ ಮೊದಲು ತಡೆಯುವುದಕ್ಕಾಗಿಯೇ ಕೇಂದ್ರ ಗೃಹ ಸಚಿವಾಲಯದ ಸಹಾಯವಾಣಿ 1930 ಇದೆ. ಇದು 2021ರಲ್ಲಿ 155260 ಎಂಬ ಸಂಖ್ಯೆಯಲ್ಲಿ ಆರಂಭವಾಗಿ ನಂತರ ಬದಲಾಯಿತು. ದೂರು ದಾಖಲಾದ ಕೂಡಲೇ ಹಣ ತಲುಪಿದ ಬ್ಯಾಂಕಿಗೆ ಸೂಚನೆ ಹೋಗುತ್ತದೆ. ಹಣ ಅಲ್ಲಿದ್ದರೆ ತಡೆಹಿಡಿಯುತ್ತಾರೆ, ಮುಂದಕ್ಕೆ ಹೋಗಿದ್ದರೆ ಸೂಚನೆಯೂ ಮುಂದಿನ ಬ್ಯಾಂಕಿಗೆ ಹೋಗುತ್ತದೆ. ಹಣದ ಓಟಕ್ಕೂ ಸೂಚನೆಯ ಓಟಕ್ಕೂ ನಡೆಯುವ ಪಂದ್ಯವಿದು. ಮೊದಲ ಒಂದೆರಡು ಗಂಟೆಗಳಲ್ಲಿ ಕೊಟ್ಟ ದೂರಿಗೂ ಮರುದಿನ ಕೊಟ್ಟ ದೂರಿಗೂ ಅಜಗಜಾಂತರ.

ಕರೆ ಮಾಡುವಾಗ ಖಾತೆ ಸಂಖ್ಯೆ, ಹಣ ಹೋದ ದಿನಾಂಕ ಮತ್ತು ಸಮಯ, ಮೊತ್ತ, ವಹಿವಾಟಿನ ಸಂಖ್ಯೆ ಕೈಯಲ್ಲಿರಬೇಕು. ಯುಪಿಐ ಪಾವತಿಯಾದರೆ ಅದು 12 ಅಂಕಿಯ ಸಂಖ್ಯೆ. ಆ್ಯಪ್‌ನ ಇತಿಹಾಸದಲ್ಲಿ ದೊರೆಯುತ್ತದೆ. ‘ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್’ ಜಾಲತಾಣದಲ್ಲೂ ದೂರು ಸಲ್ಲಿಸಬಹುದು. ಜೊತೆಗೆ ಬ್ಯಾಂಕಿನ ಸಹಾಯವಾಣಿಗೆ ಕರೆ ಮಾಡಿ ಕಾರ್ಡು ಮತ್ತು ಆ್ಯಪ್ ಬಂದ್ ಮಾಡಿಸಿ, ಆ ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಎಪಿಕೆ ಅಳವಡಿಕೆಯಾಗಿದೆ ಎಂಬ ಶಂಕೆ ಇದ್ದರೆ ಆ ಫೋನಿನ ಇಂಟರ್‌ನೆಟ್ ಆಫ್ ಮಾಡಿ, ಸಿಮ್ ತೆಗೆದು, ಬೇರೆ ಫೋನಿನಿಂದ ಕರೆ ಮಾಡುವುದು ಲೇಸು. ಸಂದೇಶಗಳನ್ನು ನಾಚಿಕೆಯಿಂದ ಅಳಿಸಬಾರದು, ಅವೇ ಸಾಕ್ಷ್ಯ.

ಸೈಬರ್ ಅಪರಾಧಕ್ಕೆ ಪ್ರತ್ಯೇಕ ಠಾಣೆಯನ್ನು 2001ರಲ್ಲೇ ಬೆಂಗಳೂರಿನಲ್ಲಿ ತೆರೆದ ರಾಜ್ಯ ಕರ್ನಾಟಕ. ಈಗ ಜಿಲ್ಲೆಗಳಲ್ಲೂ ಸೈಬರ್, ಆರ್ಥಿಕ ಮತ್ತು ಮಾದಕ ದ್ರವ್ಯ ಅಪರಾಧಗಳ ಠಾಣೆಗಳಿವೆ. ಪತ್ರಿಕೆಗಳು ‘ಸೆನ್ ಠಾಣೆ’ ಎಂದು ಬರೆಯುವುದು ಇದನ್ನೇ. ಚಿತ್ರದುರ್ಗದಲ್ಲೂ ಒಂದಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಂ ಪರರ ಪಾಸ್‌ವರ್ಡ್ ಮುಂತಾದ ಗುರುತು ಬಳಸುವುದನ್ನೂ, 66ಡಿ ಕಲಂ ಬೇರೆಯವರೆಂದು ನಟಿಸಿ ಮೋಸಮಾಡುವುದನ್ನೂ ಅಪರಾಧವೆನ್ನುತ್ತವೆ. ಎರಡಕ್ಕೂ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು ದಂಡವಿದೆ.

ಬಾಡಿಗೆ ಖಾತೆ

ಕದ್ದ ಹಣ ಹಾದುಹೋಗಲು ಬೇರೆಯವರ ಹೆಸರಿನ ಖಾತೆಗಳು ಬೇಕು. ಹಿಂದೂ ಮುಂದೂ ತಿಳಿಯದ ವಿದ್ಯಾರ್ಥಿಗಳು, ಕೆಲಸ ಹುಡುಕುವ ಯುವಕರು ಒಂದಿಷ್ಟು ಕಮಿಷನ್ ಆಸೆಗೆ ತಮ್ಮ ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಮೂರನ್ನೂ ಅಪರಿಚಿತರಿಗೆ ಕೊಡುತ್ತಾರೆ. ಇದಕ್ಕೆ ಮ್ಯೂಲ್ ಖಾತೆ ಎಂದು ಹೆಸರು. ಹೊರೆ ಹೊರುವ ಹೇಸರಗತ್ತೆಯಿಂದ ಬಂದ ಪದ. ಪೊಲೀಸರು ಮೊದಲು ತಲುಪುವುದು ಈ ಖಾತೆಯ ಒಡೆಯನನ್ನು, ಏಕೆಂದರೆ ದಾಖಲೆಯಲ್ಲಿರುವುದು ಅವನ ಹೆಸರು, ಅವನ ಊರು. ಇಂಥ ಖಾತೆಗಳನ್ನು ವಹಿವಾಟಿನ ನಡವಳಿಕೆಯಿಂದಲೇ ಪತ್ತೆ ಹಚ್ಚಲು ಬೆಂಗಳೂರಿನಲ್ಲಿರುವ ರಿಸರ್ವ್ ಬ್ಯಾಂಕಿನ ನಾವೀನ್ಯ ಕೇಂದ್ರ ‘ಮ್ಯೂಲ್‌ಹಂಟರ್’ ಎಂಬ ಕೃತಕ ಬುದ್ಧಿಮತ್ತೆಯ ತಂತ್ರಾಂಶವನ್ನು ರೂಪಿಸಿದೆ.

ನಷ್ಟದ ಹೊಣೆ

ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆ ಈ ವಿಷಯದ ಮೂಲಾಧಾರ. ಅದರಂತೆ, ತಪ್ಪು ಅಥವಾ ನಿರ್ಲಕ್ಷ್ಯ ಬ್ಯಾಂಕಿನದಾದರೆ ಗ್ರಾಹಕರ ಹೊಣೆ ಶೂನ್ಯ. ತಪ್ಪು ಬ್ಯಾಂಕಿನದೂ ಅಲ್ಲದೆ ಗ್ರಾಹಕರದೂ ಅಲ್ಲದೆ ಮೂರನೆಯವರ ಉಲ್ಲಂಘನೆಯಿಂದ ಹಣ ಹೋಗಿದ್ದರೆ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದಲ್ಲಿ ಆಗಲೂ ಹೊಣೆ ಶೂನ್ಯ. ನಾಲ್ಕರಿಂದ ಏಳು ದಿನಗಳಾದರೆ ಮೂಲ ಉಳಿತಾಯ ಖಾತೆಗೆ ಗರಿಷ್ಠ 5,000 ರೂಪಾಯಿ, ಇತರ ಉಳಿತಾಯ ಖಾತೆಗೆ ಗರಿಷ್ಠ 10,000 ರೂಪಾಯಿ ನಷ್ಟವನ್ನು ಗ್ರಾಹಕರು ಹೊರಬೇಕು. ಅನಂತರದ್ದು ಆಯಾ ಬ್ಯಾಂಕಿನ ನೀತಿಗೆ ಬಿಟ್ಟದ್ದು. ದಿನದ ಲೆಕ್ಕ ಹಿಡಿಯುವಾಗ ಸಂದೇಶ ಬಂದ ದಿನವನ್ನು ಬಿಡಲಾಗುತ್ತದೆ. ದೂರು ಬಂದ 10 ಕೆಲಸದ ದಿನಗಳೊಳಗೆ ಬ್ಯಾಂಕು ಆ ಮೊತ್ತವನ್ನು ತಾತ್ಕಾಲಿಕವಾಗಿ ಜಮಾ ಮಾಡಬೇಕು, 90 ದಿನಗಳೊಳಗೆ ತೀರ್ಮಾನಿಸಬೇಕು. ಗ್ರಾಹಕರು ಹೊಣೆ ಎಂದು ಸಾಬೀತುಪಡಿಸುವ ಭಾರ ಬ್ಯಾಂಕಿನದು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸಹಕಾರಿ ಬ್ಯಾಂಕುಗಳಿಗೂ ಇಂಥ ನಿಯಮವಾಯಿತು.

ಗ್ರಾಹಕರೇ ಒಟಿಪಿ ಅಥವಾ ಪಿನ್ ಹೇಳಿದ್ದರೆ ಲೆಕ್ಕ ಬೇರೆ. ಬ್ಯಾಂಕಿಗೆ ತಿಳಿಸುವವರೆಗೆ ಆದ ನಷ್ಟವೆಲ್ಲ ಅವರದೇ. ತಿಳಿಸಿದ ನಂತರ ಆದದ್ದು ಮಾತ್ರ ಬ್ಯಾಂಕಿನದು. ನಂಬಿಸಿ ಪಡೆದದ್ದನ್ನೂ ನಿರ್ಲಕ್ಷ್ಯವೆಂದೇ ಎಣಿಸುವ ಈ ನಿಯಮ ಹಳ್ಳಿಯ ಖಾತೆದಾರರ ಪಾಲಿಗೆ ಕಠಿಣವಾದದ್ದು. ಆದರೂ ಅದು ಒಂದು ಸಂಗತಿಯನ್ನು ಸ್ಪಷ್ಟಪಡಿಸುತ್ತದೆ: ತಪ್ಪು ತಮ್ಮದೇ ಆಗಿದ್ದಾಗ ಬೇಗ ದೂರು ಕೊಡುವುದರ ಬೆಲೆ ಇನ್ನೂ ಹೆಚ್ಚು. ಐದು ಲಕ್ಷ ರೂಪಾಯಿವರೆಗಿನ ಠೇವಣಿ ವಿಮೆ ಇಲ್ಲಿ ನೆರವಿಗೆ ಬರುವುದಿಲ್ಲ. ಅದು ಬ್ಯಾಂಕು ಮುಳುಗಿದಾಗ ಮಾತ್ರ ಅನ್ವಯಿಸುತ್ತದೆ.

ಬ್ಯಾಂಕು 30 ದಿನಗಳಲ್ಲಿ ಉತ್ತರಿಸದಿದ್ದರೆ, ಅಥವಾ ಉತ್ತರ ಸಮಾಧಾನಕರವಲ್ಲದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು. ಎಲ್ಲ ದೂರುಗಳಿಗೂ ಒಂದೇ ಬಾಗಿಲು ಎಂಬ ಏರ್ಪಾಡು 2021ರ ನವೆಂಬರ್ 12ರಂದು ಆರಂಭವಾಯಿತು. ದೂರಿಗೆ ಶುಲ್ಕವಿಲ್ಲ, ವಕೀಲರ ಅಗತ್ಯವಿಲ್ಲ. ಮಾಹಿತಿಗೆ ಶುಲ್ಕರಹಿತ ಸಂಖ್ಯೆ 14448; ಅಲ್ಲಿ ಕನ್ನಡದಲ್ಲೂ ಉತ್ತರ ದೊರೆಯುತ್ತದೆ.